ತಡವಾಗಿ ಬರುವ ಓದುಗರು

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಬಾರಿ: ಸ್ವಂತ ಬ್ಲಾಗ್

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ, ನಾನು 2009ರಿಂದ ಹೊಲಿಗೆಯ ಬಗ್ಗೆ ಒಂದು ಬ್ಲಾಗ್ ನಡೆಸುತ್ತಿದ್ದೇನೆ ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬಂದವು! ಇಷ್ಟು ಜನ ಸದ್ದಿಲ್ಲದೆ ತಮ್ಮದೊಂದು ಬ್ಲಾಗ್ ಇಟ್ಟುಕೊಂಡಿದ್ದಾರೆ ಅಂತ ತಿಳಿದು ತುಂಬಾ ಖುಷಿಯಾಯಿತು. ಅದಕ್ಕೇ ಈ ಸಲದ ಪುಟಗಳು ಪೂರ್ತಿ ನಿಮಗೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ಎಂಟು ತಿಂಗಳಿಂದ ಬ್ಲಾಗ್ ಬರೆಯುತ್ತಿದ್ದೇನೆ. 42 ಬರಹ ಆಗಿವೆ. ಒಂದೊಂದಕ್ಕೂ ಎರಡು ಮೂರು ದಿನ ಕೂರುತ್ತೇನೆ. ಓದಿದವರ ಲೆಕ್ಕ ನೋಡಿದರೆ 11, 6, 9. ಅದರಲ್ಲಿ ಒಬ್ಬರು ನನ್ನ ಅಕ್ಕ. ಯಾರೂ ಓದದಿದ್ದ ಮೇಲೆ ಯಾಕೆ ಬರೆಯಬೇಕು? ನಿಲ್ಲಿಸಿಬಿಡಲಾ? ಬರಹಗಳ ಪಟ್ಟಿ ಜೊತೆಗಿಟ್ಟಿದ್ದೇನೆ.

ಉತ್ತರ: ನಿಲ್ಲಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಲೆಕ್ಕ. ಅದನ್ನು ದಿನಾ ನೋಡುವುದನ್ನು ಇವತ್ತೇ ಬಿಡಿ. ಅದು ಜನರ ಲೆಕ್ಕ ಅಲ್ಲ, ಪುಟ ಎಷ್ಟು ಸಲ ತೆರೆಯಿತು ಅನ್ನುವ ಲೆಕ್ಕ. ಅಕ್ಷರ ತಪ್ಪು ತಿದ್ದೋಣ ಅಂತ ನೀವೇ ನಾಲ್ಕು ಸಲ ತೆರೆದಿದ್ದರೆ ಅದೂ ಸೇರಿರಬಹುದು. ಹುಡುಕುತಾಣಗಳು ಪುಟಗಳನ್ನು ಓದಿಕೊಂಡು ಹೋಗಲು ಬಾಟ್ ಅನ್ನುವ ಪ್ರೋಗ್ರಾಂಗಳನ್ನು ಕಳಿಸುತ್ತವೆ. ಕೆಲವು ಲೆಕ್ಕಗಳಲ್ಲಿ ಅವೂ ಓದುಗರ ಸಾಲಿನಲ್ಲೇ ಕೂತಿರುತ್ತವೆ. ಇನ್ನೊಂದು ಕಡೆ, ಇಮೇಲ್‌ನಲ್ಲೇ ಪೂರ್ತಿ ಓದಿ ಮುಗಿಸಿದವರು ಲೆಕ್ಕಕ್ಕೆ ಸಿಗದೆ ಹೋಗಬಹುದು. 11 ನೋಡಿ ಕುಗ್ಗಬೇಡಿ. ನಾಳೆ 110 ಆದರೆ ಹಿಗ್ಗಲೂ ಬೇಡಿ.

ಈಗ ನನ್ನ ಒಂದು ಬರಹದ ಕಥೆ. ಮಷೀನಿನಲ್ಲಿ ಹೊಲಿಯುವಾಗ ಬಟ್ಟೆಯ ಅಡಿಯಲ್ಲಿ ದಾರ ಗಂಟು ಗಂಟಾಗಿ ಸಿಕ್ಕಿಕೊಳ್ಳುತ್ತದಲ್ಲ, ಅದರ ಬಗ್ಗೆ 2011ರಲ್ಲಿ ಬರೆದೆ. ಗಂಟು ಕೆಳಗಿರುವುದರಿಂದ ಎಲ್ಲರೂ ಕೆಳಗಿನ ಬಾಬಿನ್ನನ್ನೇ ಬಿಚ್ಚಿ ಸರಿ ಮಾಡಲು ಹೋಗುತ್ತಾರೆ. ತಪ್ಪು ಸಾಮಾನ್ಯವಾಗಿ ಇರುವುದು ಮೇಲೆ. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಇದೆಯಲ್ಲ, ಅದನ್ನು ಕೆಳಗೆ ಬಿಟ್ಟೇ ದಾರ ಪೋಣಿಸಿರುತ್ತೇವೆ. ಫುಟ್ ಕೆಳಗಿದ್ದಾಗ ಟೆನ್ಷನ್ ಕೊಡುವ ಎರಡು ಪುಟ್ಟ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ. ದಾರ ಅವುಗಳ ನಡುವೆ ಇಳಿಯದೆ ಮೇಲೇ ನಿಲ್ಲುತ್ತದೆ. ಹಿಡಿತ ಇಲ್ಲದ ದಾರ ಸಡಿಲವಾಗಿ ಕೆಳಗೆ ಹೋಗಿ ಗಂಟಾಗುತ್ತದೆ. ಫುಟ್ ಮೇಲೆತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿದರೆ ಹೆಚ್ಚಿನ ಸಲ ಸರಿ ಹೋಗುತ್ತದೆ. ಇಷ್ಟೇ ವಿಷಯ. ಬಿಲ್ಲೆಗಳ ಸಂದು ಕಾಣಲಿ ಅಂತ ಕೆಂಪು ದಾರ ಹಾಕಿ, ಟಾರ್ಚ್ ಹಿಡಿದು ಫೋಟೊ ತೆಗೆದಿದ್ದೆ.

ಮೊದಲ ತಿಂಗಳು ನಾಲ್ಕೇ ಜನ ನೋಡಿದರು. ಎರಡು ವರ್ಷ ಅದು ಹಾಗೇ ಬಿದ್ದಿತ್ತು. ಆಮೇಲೊಂದು ದಿನ ಒಬ್ಬ ತಾಯಿಯಿಂದ ಎರಡು ಸಾಲಿನ ಇಮೇಲ್ ಬಂತು. ಬೆಳಗ್ಗೆ ಎಂಟಕ್ಕೆ ಮಗಳ ಶಾಲೆಯ ನಾಟಕ. ಹಿಂದಿನ ರಾತ್ರಿ ಒಂದೂವರೆಗೆ ಉಡುಪಿನ ಕೊನೆಯ ಹೊಲಿಗೆಯಲ್ಲಿ ಮಷೀನು ಕೈಕೊಟ್ಟಿದೆ. ಹುಡುಕಿದಾಗ ನನ್ನ ಕೆಂಪು ದಾರದ ಫೋಟೊ ಸಿಕ್ಕಿತಂತೆ. ‘ಹೊಲಿಗೆ ಬಿತ್ತು, ಈಗ ಮಲಗುತ್ತೇನೆ’ ಅಂತ ಬರೆದಿದ್ದರು. ಇವತ್ತಿಗೆ ನನ್ನ ಬ್ಲಾಗಿನಲ್ಲಿ ಜಾಸ್ತಿ ಓದಿಸಿಕೊಂಡ ಬರಹ ಅದೇ.

ಯಾರೂ ಸುಮ್ನೆ ಕೂತಾಗ ದಾರದ ಗಂಟಿನ ಬಗ್ಗೆ ಹುಡುಕುವುದಿಲ್ಲ. ಗಂಟು ಬಿದ್ದ ರಾತ್ರಿಯೇ ಹುಡುಕುವುದು. ಆ ರಾತ್ರಿ ನಿಮ್ಮ ಬರಹ ಅಲ್ಲಿರಬೇಕು, ಸಿಗುವ ಹಾಗಿರಬೇಕು. ಆ ಬರಹಕ್ಕೆ ನಾನು ಮೊದಲು ಇಟ್ಟ ಹೆಸರು ‘ದಾರದ ಮುನಿಸು’. ಮುನಿಸು ಅಂತ ಯಾರು ಹುಡುಕುತ್ತಾರೆ? ಆಮೇಲೆ ‘ಬಟ್ಟೆಯ ಅಡಿಯಲ್ಲಿ ದಾರ ಯಾಕೆ ಗಂಟು ಕಟ್ಟುತ್ತದೆ’ ಅಂತ ಬದಲಾಯಿಸಿದೆ. ಪುಟದ ವಿಳಾಸವನ್ನು ಮಾತ್ರ ಮುಟ್ಟಲಿಲ್ಲ. ವಿಳಾಸ ಬದಲಾದರೆ ಹಳೆಯ ಕೊಂಡಿ ಒತ್ತಿದವರಿಗೆ ಪುಟ ಸಿಗುವುದಿಲ್ಲ, 404 ಅಂತ ಬರುತ್ತದೆ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಿಳಾಸ ಬದಲಾಯಿಸಬೇಡಿ ಅಂತ ಒತ್ತಿ ಹೇಳಿದ್ದರು.

ನಿಮ್ಮ ಪಟ್ಟಿ ನೋಡಿದೆ. ‘ಹೊಸ ಕಣ್ಣು’ ಅನ್ನುವ ಬರಹ ತೆರೆದರೆ, ಬೈಫೋಕಲ್ ಕನ್ನಡಕ ಹಾಕಿದ ಮೊದಲ ವಾರ! ಮೆಟ್ಟಿಲು ಇಳಿಯುವಾಗ ಕಾಲ ಬುಡ ಮಂಜಾಗುವುದು, ಕೆಳಗಿನ ಗಾಜು ಹತ್ತಿರದ್ದನ್ನು ಓದಲು ಇರುವುದು, ಅದಕ್ಕೇ ಗದ್ದ ಎದೆಗೆ ತಾಗಿಸಿ ಮೇಲಿನ ಗಾಜಿನಿಂದ ಮೆಟ್ಟಿಲು ನೋಡಬೇಕು ಅಂತ ಮೂರನೇ ದಿನ ನಿಮಗೆ ಹೊಳೆದಿದ್ದು... ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆ ಬರಹಕ್ಕೆ ‘ಬೈಫೋಕಲ್ ಹಾಕಿ ಮೆಟ್ಟಿಲು ಇಳಿಯುವುದು ಹೇಗೆ’ ಅಂತ ಹೆಸರಿಡಿ. ಇನ್ನೂ ಕನ್ನಡಕ ಬಂದಿರದ ಎಷ್ಟೋ ಜನ ಅದರ ಓದುಗರು. ಹಾಗೇ, ಪ್ರತಿ ಸಲ ಬಂದು ಓದುವ ನಿಮ್ಮ ಅಕ್ಕನಿಗೆ ಯಾವ ಬರಹ ಹಿಡಿಸಿತು ಅಂತ ಕೇಳಿ. 42ನ್ನೂ ಓದಿದವರು ಅವರೊಬ್ಬರೇ.

ಪ್ರಶ್ನೆ: ಅಕ್ಕಾ, ಪರೀಕ್ಷೆ ಅಂತ ಐದು ತಿಂಗಳು ಏನೂ ಬರೆದಿಲ್ಲ. ಈಗ ‘ಎಲ್ಲರೂ ಕ್ಷಮಿಸಿ’ ಅಂತ ಒಂದು ಪೋಸ್ಟ್ ಹಾಕಿ ಶುರು ಮಾಡಲಾ? ನಾಚಿಕೆ ಆಗ್ತಿದೆ.

ಉತ್ತರ: ಅಕ್ಕ ಅಂದಿದ್ದೀಯ, ನೀನು ಅಂತಲೇ ಬರೆಯುತ್ತೇನೆ. ಆ ಪೋಸ್ಟ್ ಬೇಡ. ಮೂರು ವರ್ಷ ಆದ ಮೇಲೆ ನಿನ್ನ ಬ್ಲಾಗಿಗೆ ಬಂದವರಿಗೆ ಆ ಐದು ತಿಂಗಳು ಕಾಣಿಸುವುದೇ ಇಲ್ಲ. ಒಂದು ಬರಹದ ಪಕ್ಕ ಇನ್ನೊಂದು ಇರುತ್ತದೆ ಅಷ್ಟೆ. ನಡುವೆ ನಿನ್ನ ಕ್ಷಮಾಪಣೆ ಇದ್ದರೆ ಮಾತ್ರ ಅವರಿಗೆ ಗೊತ್ತಾಗುವುದು. ನೇರವಾಗಿ ವಿಷಯಕ್ಕೆ ಬಾ. ಬೇಕಿದ್ದರೆ ಆ ಪರೀಕ್ಷೆಯ ತಿಂಗಳುಗಳ ಬಗ್ಗೆಯೇ ಬರೆ, ಅದೂ ವಿಷಯವೇ ಅಲ್ವಾ.

ಒಂದು ಕೆಲಸ ಮಾಡು. ನಿನ್ನ ಬ್ಲಾಗಿನಲ್ಲಿ ಆರ್‌ಎಸ್‌ಎಸ್ ಫೀಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ನೋಡು. 1999ರಿಂದ ಇರುವ ಏರ್ಪಾಡು ಅದು. ಯಾರಾದರೂ ಫೀಡ್ ಹಾಕಿಕೊಂಡಿದ್ದರೆ ನೀನು ಐದು ತಿಂಗಳು ಬಿಟ್ಟು ಬರೆದರೂ ಅವರಿಗೆ ತಾನಾಗಿ ತಲುಪುತ್ತದೆ. 2013ರ ಜುಲೈ 1ರಂದು, ಫೀಡ್ ಓದಲು ಇದ್ದ ಗೂಗಲ್ ರೀಡರ್ ಮುಚ್ಚಿದಾಗ ನನ್ನ ಖಾಯಂ ಓದುಗರು ತುಂಬಾ ಜನ ಕೈತಪ್ಪಿದರು, ಆ ಬೇಸರ ಈಗಲೂ ಇದೆ. ಆದರೆ ಮುಚ್ಚಿದ್ದು ಆ ಒಂದು ಸೇವೆ. ಫೀಡ್ ಓದಲು ಬೇರೆ ಆ್ಯಪ್‌ಗಳು ಈಗಲೂ ಇವೆ. ಜೊತೆಗೆ ಇಮೇಲ್‌ನಲ್ಲಿ ತರಿಸಿಕೊಳ್ಳುವ ದಾರಿಯನ್ನೂ ಇಡು.

ಪ್ರಶ್ನೆ: ನನ್ನ ಬ್ಲಾಗಿಗೆ ಒಂದೇ ವಾರದಲ್ಲಿ 30 ಪ್ರತಿಕ್ರಿಯೆ ಬಂದಿವೆ! ‘ಅದ್ಭುತ ಲೇಖನ, ತುಂಬಾ ಉಪಯೋಗವಾಯಿತು’ ಅಂತ. ಎಲ್ಲರಿಗೂ ಉತ್ತರ ಬರೆಯಬೇಕಾ? ಎಲ್ಲರ ಹೆಸರಿನಲ್ಲೂ ಒಂದೊಂದು ಕೊಂಡಿ ಇದೆ.

ಉತ್ತರ: ಆ ಕೊಂಡಿಗಳನ್ನು ಒತ್ತಬೇಡಿ. ನಿಮ್ಮ ಸಂತೋಷಕ್ಕೆ ನೀರೆರಚುವ ಮನಸ್ಸಿಲ್ಲ, ಆದರೆ ಅವು ಹೆಚ್ಚಾಗಿ ಮನುಷ್ಯರು ಬರೆದವಲ್ಲ. ಯಾವ ಲೇಖನಕ್ಕೆ ಹಾಕಿದರೂ ಹೊಂದುವ ಮಾತು, ಜೊತೆಗೊಂದು ಕೊಂಡಿ, ಅದೇ ಸ್ಪ್ಯಾಮ್‌ನ ಗುರುತು. ಬೇರೆಯವರ ಪುಟದಲ್ಲಿ ಕೊಂಡಿ ಬಿಟ್ಟರೆ ಹುಡುಕಾಟದಲ್ಲಿ ತಮ್ಮ ತಾಣ ಮೇಲೆ ಬರಲಿ ಅನ್ನುವ ಆಸೆ. ಇದನ್ನು ತಡೆಯಲು ಗೂಗಲ್ 2005ರಲ್ಲಿ ‘ನೋಫಾಲೋ’ ಅನ್ನುವ ಗುರುತು ತಂದಿತು. ಆ ಗುರುತಿದ್ದ ಕೊಂಡಿಗೆ ಅಂಥ ಲಾಭ ಸಿಗಬಾರದು ಅಂತ. ಆದರೂ ಸ್ಪ್ಯಾಮ್ ನಿಂತಿಲ್ಲ. ನೀವು ನೋಡಿ ಒಪ್ಪಿದ ಮೇಲಷ್ಟೇ ಪ್ರತಿಕ್ರಿಯೆ ಕಾಣುವ ಹಾಗೆ ಸೆಟ್ಟಿಂಗ್ ಬದಲಾಯಿಸಿ.

ಅಳಿಸುವ ಮುಂಚೆ 30ನ್ನೂ ಒಂದೊಂದಾಗಿ ಓದಿ. ನೀವು ಬರೆದ ಒಂದು ಮಾತನ್ನು ಹಿಡಿದು ಯಾರಾದರೂ ಏನಾದರೂ ಹೇಳಿದ್ದರೆ, ಅದು ನಿಜವಾದ ಓದುಗರದ್ದು. ಅಂಥವರಿಗೆ ಅದೇ ದಿನ ಉತ್ತರ ಬರೆಯಿರಿ.

ಪ್ರಶ್ನೆ: ಆರು ವರ್ಷದ ಬ್ಲಾಗ್. ಸ್ವಂತ ಡಾಟ್ ಕಾಮ್ ವಿಳಾಸ. ಕಾರ್ಡ್ ಬದಲಾಗಿದ್ದರಿಂದ ಈ ವರ್ಷದ ಹಣ ಹೋಗಿಲ್ಲ, ಎಚ್ಚರಿಕೆಯ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಅವಧಿ ಮುಗಿದು 12 ದಿನ ಆಗಿದೆ. ಬ್ಲಾಗ್ ತೆರೆದರೆ ಯಾರದೋ ಜಾಹೀರಾತು ಪುಟ ಬರುತ್ತಿದೆ. ಎಲ್ಲಾ ಹೋಯ್ತಾ?

ಉತ್ತರ: ಈ ಪತ್ರ ಬಂದ ದಿನವೇ ಇವರಿಗೆ ಉತ್ತರ ಕಳಿಸಿದೆ. ವಿಳಾಸ ವಾಪಸ್ ಸಿಕ್ಕಿದೆ. ಆದರೆ ಉಳಿದವರಿಗೂ ಬೇಕಾಗುವ ವಿಷಯ, ಅದಕ್ಕೆ ಇಲ್ಲೂ ಬರೆಯುತ್ತೇನೆ.

ಡಾಟ್ ಕಾಮ್ ಥರದ ವಿಳಾಸದ ಅವಧಿ ಮುಗಿದ ತಕ್ಷಣ ಅದು ಬೇರೆಯವರ ಪಾಲಾಗುವುದಿಲ್ಲ. ನೋಂದಣಿ ಮಾಡಿಸಿಕೊಂಡ ಕಂಪನಿ 45 ದಿನದವರೆಗೆ ಕಾಯಬಹುದು. ಎಷ್ಟು ದಿನ ಅನ್ನುವುದು ಆ ಕಂಪನಿಗೆ ಬಿಟ್ಟಿದ್ದು, ಅದಕ್ಕೇ ಒಂದು ದಿನವೂ ತಡ ಮಾಡಬಾರದು. ಕಂಪನಿ ವಿಳಾಸವನ್ನು ತೆಗೆದುಹಾಕಿದರೆ ಆಮೇಲೆ 30 ದಿನ ಬಿಡಿಸಿಕೊಳ್ಳಲು ಅವಕಾಶ ಇದೆ. ಆದರೆ ಆಗ ಮಾಮೂಲಿಗಿಂತ ಜಾಸ್ತಿ ಹಣ ಕಟ್ಟಬೇಕಾಗುತ್ತದೆ. ಅದೂ ಮುಗಿದು 5 ದಿನ ಆದ ಮೇಲೆ ವಿಳಾಸ ಯಾರಿಗೆ ಬೇಕಾದರೂ ಸಿಗುತ್ತದೆ. ಇನ್ನೊಂದು ಮಾತು: ವಿಳಾಸ ಬೇರೆ, ಬರಹ ಬೇರೆ. ಬರಹಗಳು ಇರುವ ಹೋಸ್ಟಿಂಗ್ ಜಾಗದ ಅವಧಿ ಮುಗಿದಿಲ್ಲದಿದ್ದರೆ ಅವು ಅಲ್ಲೇ ಇರುತ್ತವೆ. ಮನೆಯ ನಂಬರು ಕಿತ್ತು ಹೋದರೆ ಮನೆಯೇನೂ ಹೋಗುವುದಿಲ್ಲವಲ್ಲ, ಹಾಗೆ.

ಮನೆಯೇ ಹೋಗುವುದೂ ಉಂಟು. 2009ರ ಅಕ್ಟೋಬರ್‌ನಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿದಾಗ ಅಲ್ಲಿ ಪುಟ ಕಟ್ಟಿಕೊಂಡಿದ್ದವರಿಗೆ ಹಾಗಾಯಿತು. 2013ರ ಏಪ್ರಿಲ್ 30ರಂದು ಪೋಸ್ಟರಸ್ ಅನ್ನುವ ಬ್ಲಾಗ್ ಸೇವೆ ನಿಂತಾಗಲೂ ಹಾಗೇ. ನನಗಾದ ನಷ್ಟ ಇನ್ನೊಂದು ಥರದ್ದು. ನನ್ನ ಬರಹಗಳು ಒಂದು ಕಡೆ, ಫೋಟೊಗಳು ಇನ್ನೊಂದು ಕಡೆ ಒಂದು ಉಚಿತ ತಾಣದಲ್ಲಿದ್ದವು. ಒಂದು ಬೆಳಗ್ಗೆ ನೋಡಿದರೆ ಪ್ರತಿ ಪುಟದಲ್ಲೂ ಫೋಟೊ ಇರುವ ಕಡೆ ಬೂದು ಚೌಕ. ಆ ತಾಣದವರು ನಿಯಮ ಬದಲಾಯಿಸಿದ್ದರು. ‘ಚಿತ್ರದಲ್ಲಿ ತೋರಿಸಿದ ಹಾಗೆ ದಾರವನ್ನು ಎಡಕ್ಕೆ ತನ್ನಿ’ ಅಂತ ನನ್ನ ವಾಕ್ಯ, ಅದರ ಕೆಳಗೆ ಬೂದು ಚೌಕ. ನಾನು ಅತ್ತಿದ್ದೆ. 140 ಫೋಟೊಗಳನ್ನು ಮತ್ತೆ ತೆಗೆಯಲು ಒಂದು ವರ್ಷ ಹಿಡಿಯಿತು. ಕೆಂಪು ದಾರದ್ದನ್ನೂ ಸೇರಿಸಿ.

ಆಗಿನಿಂದ ಪ್ರತಿ ತಿಂಗಳು ಒಂದನೇ ತಾರೀಕು ಬ್ಲಾಗನ್ನು ಪೂರ್ತಿ ಇಳಿಸಿಕೊಳ್ಳುತ್ತೇನೆ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಎಕ್ಸ್‌ಪೋರ್ಟ್ ಅಂತ ಇದೆ. ಅದರಲ್ಲಿ ಬರಹ ಬರುತ್ತದೆ, ಫೋಟೊ ಬಂದಿದೆಯಾ ಅಂತ ಬೇರೆ ನೋಡಿಕೊಳ್ಳಬೇಕು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕ್‌ನಲ್ಲಿ, ಒಂದು ಮನೆಯಿಂದ ಹೊರಗೆ. ವರ್ಷಕ್ಕೊಮ್ಮೆಯಾದರೂ ಆ ಫೈಲು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದರೂ ಇಲ್ಲದ ಹಾಗೆ.

ಪ್ರಶ್ನೆ: ನನ್ನ ಬರಹವನ್ನು ಒಬ್ಬರು ಅಕ್ಷರ ಬಿಡದೆ ನಕಲು ಮಾಡಿ ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದಾರೆ. ನಾನು ಎಲ್ಲೂ ನೋಂದಣಿ ಮಾಡಿಸಿಲ್ಲ. ಏನೂ ಮಾಡಲಾಗುವುದಿಲ್ಲವಾ?

ಉತ್ತರ: ಆಗುತ್ತದೆ. 1886ರ ಬರ್ನ್ ಒಪ್ಪಂದದಲ್ಲಿ ಸೇರಿರುವ ದೇಶಗಳಲ್ಲಿ ಬರೆದವರ ಹಕ್ಕು ಬರೆದಾಗಲೇ ಬರುತ್ತದೆ, ಅದಕ್ಕೆ ನೋಂದಣಿ ಬೇಕಿಲ್ಲ. ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ತಾರೀಕಿನ ಜೊತೆ ಇಟ್ಟುಕೊಳ್ಳಿ. ಆಮೇಲೆ ಅವರಿಗೇ ಬರೆಯಿರಿ, ನಿಮ್ಮ ಪುಟದ ವಿಳಾಸ ಕೊಟ್ಟು, ಇಷ್ಟು ದಿನದೊಳಗೆ ತೆಗೆಯಿರಿ ಅಂತ. ಬೈಯಬೇಡಿ. ಉತ್ತರ ಬರದಿದ್ದರೆ ಆ ಪುಟಕ್ಕೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಗೆ ದೂರು ಕೊಡಿ. ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಒಂದು ಫಾರಂ ಇರುತ್ತದೆ.

ನನಗೆ ಹೀಗಾದಾಗ, ನಕಲು ಮಾಡಿದವರು ಹೊಲಿಗೆ ತರಗತಿ ನಡೆಸುವವರು ಅಂತ ಗೊತ್ತಾಯಿತು. ಮಕ್ಕಳಿಗೆ ನೋಟ್ಸ್ ಅಂತ ಹಾಕಿಕೊಂಡಿದ್ದರು. ಹೆಸರು, ಕೊಂಡಿ ಹಾಕಿ ಅಂದೆ, ಹಾಕಿದರು. ಎಲ್ಲರೂ ಹಾಗಿರುವುದಿಲ್ಲ, ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಪ್ರಶ್ನೆ: ಜಾಹೀರಾತು ಹಾಕಿದರೆ ದುಡ್ಡು ಬರುತ್ತಾ?

ಉತ್ತರ: ಓದುಗರು ಕಡಿಮೆ ಇದ್ದಾಗ ಬರುವುದು ವಿಳಾಸದ ಖರ್ಚಿಗೂ ಸಾಲದೆ ಹೋಗಬಹುದು. ನಾನು ಎರಡು ವರ್ಷ ಹಾಕಿ ತೆಗೆದೆ. ನನ್ನ ಫೋಟೊಗಳ ನಡುವೆ ಅವು ಕೂತಿದ್ದು ನನಗೆ ಸರಿ ಕಾಣಲಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ ಮೂರ್ಛೆ ರೋಗ ಇದೆ. ಬೇರೆ ಮನೆಯವರಿಗೆ ಧೈರ್ಯ ಬರಲಿ ಅಂತ ಅವನ ಬಗ್ಗೆ ಬ್ಲಾಗಿನಲ್ಲಿ ಬರೆದೆ. ಹೆಸರು ಹಾಕಿರಲಿಲ್ಲ. ತುಂಬಾ ಜನ ಓದಿದರು, ಅಳು ಬಂತು ಅಂತ ಬರೆದರು. ಆದರೆ ಅವನ ಗೆಳೆಯರೂ ಓದಿದ್ದಾರೆ. ಮೂರು ವಾರದಿಂದ ತಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. ನಾನು ಬರೆದದ್ದು ಒಳ್ಳೆಯದಕ್ಕೇ ಅಲ್ವಾ? ಅಳಿಸಬೇಕಾ?

ಉತ್ತರ: ಈ ಪುಟ ಓದಿದ ತಕ್ಷಣ ಅಳಿಸಿ. ಮಾತುಕತೆ ಆಮೇಲೆ. ‘ನೀನು ಹೇಳಿದರೆ ಅಳಿಸುತ್ತೇನೆ’ ಅಂತ ಹೋಗಬೇಡಿ, ‘ಅಳಿಸಿದ್ದೇನೆ’ ಅಂತ ಹೋಗಿ.

ನೀವು ಒಳ್ಳೆಯದಕ್ಕೇ ಬರೆದಿರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಾಯಿಲೆ ಅವನದು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದೂ ಅವನದೇ. ಅಕ್ಕನ ಬ್ಲಾಗಿನಲ್ಲಿ ತಮ್ಮ ಅಂದರೆ ಯಾರು ಅಂತ ಗೆಳೆಯರಿಗೆ ಗೊತ್ತಾಗದೆ ಇರುತ್ತದಾ? ಅಳಿಸಿದ ಮೇಲೂ ಕೆಲವು ದಿನ ಹುಡುಕಾಟದಲ್ಲಿ ಒಂದೆರಡು ಸಾಲು ಕಾಣಬಹುದು. ಅದನ್ನು ಬೇಗ ತೆಗೆಸಲು ಗೂಗಲ್‌ನಲ್ಲಿ ಒಂದು ಮನವಿ ಪುಟ ಇದೆ. ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ತಾಣ ಒಂದಿದೆ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಅಂತ. ಅದರಲ್ಲಿ ಪ್ರತಿ ಉಳಿದಿದೆಯಾ ನೋಡಿ. ಇದ್ದರೆ ಅವರಿಗೆ ಮೇಲ್ ಬರೆದು ತೆಗೆಯಲು ಕೇಳಿಕೊಳ್ಳಿ. ಇಷ್ಟನ್ನೂ ಮಾಡಿದ್ದೀರಿ ಅಂತ ತಮ್ಮನಿಗೆ ಹೇಳಿ. ಅವನಿಗೆ ಬೇಕಿರುವುದು ಅದು.

ನಾನೂ ಈ ತಪ್ಪು ಮಾಡಿದ್ದೇನೆ. ಸೂಜಿಗೆ ದಾರ ಪೋಣಿಸುವಾಗ ನನ್ನ ಅಮ್ಮನ ಕೈ ನಡುಗುವುದರ ಬಗ್ಗೆ ಬರೆದಿದ್ದೆ. ಯಾರೋ ಅಮ್ಮನಿಗೆ ಓದಿ ಹೇಳಿದರು. ‘ನನ್ನ ಕೈ ನಡುಗುವುದು ನನಗೆ ಗೊತ್ತು. ಎಲ್ಲರಿಗೂ ಯಾಕೆ ಗೊತ್ತಾಗಬೇಕು?’ ಅಂದರು ಅಮ್ಮ. ಅಷ್ಟೇ ಅಂದಿದ್ದು. ಅವತ್ತು ರಾತ್ರಿಯೇ ಅಳಿಸಿದೆ. ಅಲ್ಲಿಂದ ಮುಂದೆ, ಯಾರ ಬಗ್ಗೆ ಬರೆದರೂ ಮೊದಲು ಅವರಿಗೇ ಓದಿ ಹೇಳುತ್ತೇನೆ. ಬೇಡ ಅಂದರೆ ಬೇಡ.

ಎರಡು ವರ್ಷ ಬಿಟ್ಟು ಅಮ್ಮನೇ ಕರೆದು, ಬರೆದುಕೋ ಅಂದರು. ಕೈ ನಡುಗುವವರು ದಾರವನ್ನು ಸೂಜಿಯ ಕಡೆ ತರಬಾರದಂತೆ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಬಿಗಿಯಾಗಿ ಹಿಡಿಯಬೇಕು. ತುದಿ ಒಂದು ಚುಕ್ಕಿಯಷ್ಟೇ ಕಾಣಬೇಕು. ಆಮೇಲೆ ಸೂಜಿಯ ಕಣ್ಣನ್ನು ಅದರ ಮೇಲೆ ಇಳಿಸಬೇಕು. ಬೆರಳಿನ ಆಸರೆ ಇರುವುದರಿಂದ ದಾರ ಅಲ್ಲಾಡುವುದಿಲ್ಲ. ನಾನು ಬರೆದೆ, ಅವರು ಕೇಳಿಸಿಕೊಂಡು ಎರಡು ಕಡೆ ತಿದ್ದಿದರು. ನಿಮ್ಮ ತಮ್ಮನೂ ಮುಂದೊಂದು ದಿನ ಹೀಗೆ ಹೇಳಬಹುದು, ಹೇಳದೆಯೂ ಇರಬಹುದು. ನೀವಾಗಿ ಕೇಳಬೇಡಿ.

ಪ್ರಶ್ನೆ: ನನ್ನ ಹೆಂಡತಿ ಒಂಬತ್ತು ವರ್ಷ ಬ್ಲಾಗ್ ಬರೆಯುತ್ತಿದ್ದಳು, ಕುಂಡಗಳಲ್ಲಿ ಗಿಡ ಬೆಳೆಸುವುದರ ಬಗ್ಗೆ. ಅವಳು ತೀರಿಕೊಂಡು ನಾಲ್ಕು ತಿಂಗಳಾಯಿತು. ನಾನು ಬ್ಲಾಗ್ ಓದಿದವನಲ್ಲ. ಈಗ ದಿನಾ ರಾತ್ರಿ ಒಂದೊಂದೇ ಓದುತ್ತಿದ್ದೇನೆ. ಪಾಸ್‌ವರ್ಡ್ ಗೊತ್ತಿಲ್ಲ. ವಿಳಾಸಕ್ಕೆ ವರ್ಷಾವರ್ಷ ದುಡ್ಡು ಕಟ್ಟಬೇಕು ಅನ್ನುತ್ತಿದ್ದ ನೆನಪು. ಅದು ನಿಂತು ಹೋಗುತ್ತಾ?

ಉತ್ತರ: ಸರ್, ನಿಮ್ಮ ಪತ್ರವನ್ನು ತುಂಬಾ ಸಲ ಓದಿದೆ.

ದುಡ್ಡು ಕಟ್ಟದಿದ್ದರೆ ವಿಳಾಸ ನಿಲ್ಲುತ್ತದೆ, ಅದಕ್ಕೆ ಮೊದಲು ಇದನ್ನು ಮಾಡಿ. ವೇಬ್ಯಾಕ್ ಮಷೀನ್ 2001ರಿಂದ ಎಲ್ಲರಿಗೂ ತೆರೆದಿದೆ. ಅದರಲ್ಲಿ ‘ಸೇವ್ ಪೇಜ್ ನೌ’ ಅಂತ ಒಂದು ಜಾಗ ಇದೆ. ಅಲ್ಲಿ ಅವರ ಒಂದೊಂದು ಬರಹದ ವಿಳಾಸ ಹಾಕಿದರೆ ಆ ಪುಟದ ಪ್ರತಿ ಅಲ್ಲಿ ಉಳಿಯುತ್ತದೆ. ಪಾಸ್‌ವರ್ಡ್ ಬೇಡ. ಹಾಗೇ ಪ್ರತಿ ಪುಟವನ್ನೂ ಪಿಡಿಎಫ್ ಮಾಡಿ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ದಿನಾ ರಾತ್ರಿ ಒಂದೊಂದು ಓದುತ್ತಿದ್ದೀರಲ್ಲ, ಈ ಕೆಲಸ ಮಾತ್ರ ಅಷ್ಟು ನಿಧಾನ ಬೇಡ. ಈ ಭಾನುವಾರವೇ ಯಾರನ್ನಾದರೂ ಜೊತೆಗೆ ಕೂರಿಸಿಕೊಂಡು ಮುಗಿಸಿ.

ಆಮೇಲೆ ವಿಳಾಸ. ಅದು ಯಾವ ಕಂಪನಿಯಲ್ಲಿದೆ, ಯಾವತ್ತು ಮುಗಿಯುತ್ತದೆ ಅಂತ ‘ಹೂಈಸ್’ ಹುಡುಕಾಟದಲ್ಲಿ ಯಾರು ಬೇಕಾದರೂ ನೋಡಬಹುದು. ಬ್ಯಾಂಕಿನ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಹೋದ ಹಣದ ಸಾಲೂ ಇರುತ್ತದೆ. ಆ ಕಂಪನಿಗೆ ಮರಣ ಪ್ರಮಾಣಪತ್ರದ ಜೊತೆ ಬರೆದು, ವಿಳಾಸವನ್ನು ನಿಮ್ಮ ಹೆಸರಿಗೆ ಮಾಡಿಕೊಡಲು ಕೇಳಿ. ಬ್ಲಾಗ್ ಗೂಗಲ್ ಖಾತೆಯಲ್ಲಿದ್ದರೆ, ತೀರಿಕೊಂಡವರ ಖಾತೆಯ ಬಗ್ಗೆ ಮನೆಯವರು ಮನವಿ ಕೊಡಲು ಅವರಲ್ಲೊಂದು ಫಾರಂ ಇದೆ. ಪಾಸ್‌ವರ್ಡ್ ಕೊಡುವುದಿಲ್ಲ, ಆದರೆ ಕೆಲವು ಸಲ ಖಾತೆಯಲ್ಲಿರುವುದನ್ನು ಕೊಡುತ್ತಾರೆ. ಸಮಯ ಹಿಡಿಯುತ್ತದೆ.

ಅವರ ಕೊನೆಯ ಬರಹದ ಕೆಳಗೆ ಒಬ್ಬರು ಮಲ್ಲಿಗೆ ಗಿಡ ಮೊಗ್ಗು ಬಿಡುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದಾರೆ, ಉತ್ತರ ಕೊಡುವವರಿಲ್ಲ ಅಂತ ನೀವು ಬರೆದಿದ್ದೀರಿ. ಅವರ ಹಳೆಯ ಬರಹಗಳಲ್ಲಿ ಹುಡುಕಿ. ಒಂಬತ್ತು ವರ್ಷದಲ್ಲಿ ಎಲ್ಲೋ ಒಂದು ಕಡೆ ಅದರ ಬಗ್ಗೆ ಬರೆದಿರುತ್ತಾರೆ. ಸಿಕ್ಕಿದರೆ ಆ ಪುಟದ ಕೊಂಡಿಯನ್ನು ಆ ಪ್ರಶ್ನೆಯ ಕೆಳಗೆ ಹಾಕಿ, ನಿಮ್ಮ ಹೆಸರಿನಲ್ಲೇ.

ನಿಮ್ಮ ಪತ್ರದಲ್ಲಿ ಅವರ ಬ್ಲಾಗಿನ ವಿಳಾಸ ಬರೆದಿಲ್ಲ. ದಯವಿಟ್ಟು ಕಳಿಸಿ. ನಾನು ಮೊದಲನೇ ಬರಹದಿಂದ ಓದುತ್ತೇನೆ.